ಆಮೆ ಗೂಡಿನೊಳಗೆ ಸೋರದ ಸಿಮೆಂಟ್ ಕೊಳ ಕಟ್ಟುವುದು ಹೇಗೆ?

ಹತ್ತು ರೂಪಾಯಿ ನಾಣ್ಯದಷ್ಟಿದ್ದಾಗ ಮನೆಗೆ ತಂದ ರೆಡ್ ಇಯರ್ಡ್ ಸ್ಲೈಡರ್ ಆಮೆ ಕೆಲವೇ ವರ್ಷದಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಗಾಜಿನ ತೊಟ್ಟಿ ಸಾಲುವುದಿಲ್ಲ. ಆಗ ಕೆಲವರು ಕತ್ತಲಾದ ಮೇಲೆ ಕೆರೆಗೆ ಬಿಟ್ಟು ಬರುತ್ತಾರೆ. ದಯವಿಟ್ಟು ಬೇಡ, ಅದು ಅಮೆರಿಕದ ಪ್ರಾಣಿ, ನಮ್ಮ ಕೆರೆ ಆಮೆಗಳ ಊಟ, ಜಾಗ ಎರಡಕ್ಕೂ ಪೈಪೋಟಿಗೆ ಇಳಿಯುತ್ತದೆ. ಹಿತ್ತಲಲ್ಲಿ ಜಾಲರಿ ಗೂಡು ಮಾಡಿ ಒಳಗೊಂದು ಕೊಳ ಕಟ್ಟಿ. (ನಕ್ಷತ್ರ ಆಮೆಗೆ ಕಟ್ಟೋಣ ಅಂತಿದ್ದರೆ ಇಲ್ಲೇ ನಿಲ್ಲಿಸಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಸಾಕುವುದೇ ಅಪರಾಧ.)

ನನ್ನ ಮೊದಲ ಕೊಳ ರಾತ್ರಿಗೆ ನಾಲ್ಕು ಇಂಚು ಸೋರುತ್ತಿತ್ತು. ಆಮೇಲೆ ಸ್ನೇಹಿತರ ಕೊಳಗಳನ್ನೂ ನೋಡಿದೆ. ಸೋರುವ ಜಾಗ ಹೆಚ್ಚುಕಮ್ಮಿ ಎಲ್ಲ ಕಡೆ ಎರಡೇ: ನೆಲ ಗೋಡೆ ಸೇರುವ ಮೂಲೆ, ಮತ್ತು ನೀರು ಖಾಲಿ ಮಾಡುವ ಪೈಪ್ ಸುತ್ತ.

ಗುಂಡಿ ತೋಡುವುದು ಸುಲಭ. ಒಳ ಅಳತೆ 5 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಆಳ ಇದ್ದರೆ ಸುಮಾರು 640 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೇ 640 ಕೆಜಿ, ತಾರಸಿ ಮೇಲೆ ಕಟ್ಟುವ ಯೋಚನೆ ಬಿಡಿ. ಅರ್ಧ ಬಿಸಿಲು, ಅರ್ಧ ನೆರಳು ಬೀಳಲಿ. ಮಣ್ಣು ದಮ್ಮಸು ಹಾಕಿ, 8 ಎಂಎಂ ಕಂಬಿಯನ್ನು 6 ಇಂಚಿಗೊಂದರಂತೆ ಕಟ್ಟಿ, 4 ಇಂಚು ಕಾಂಕ್ರೀಟ್ ಹಾಕಿ. ಸಿಮೆಂಟ್ ಒಂದು ಪಾಲು, ಎಂ-ಸ್ಯಾಂಡ್ ಒಂದೂವರೆ, ಜಲ್ಲಿ ಮೂರು. ನೆಲದ ವಾಟ ಪೈಪಿನ ಕಡೆಗಿರಲಿ. ನೀರು ಜಾಸ್ತಿ ಸುರಿಯಬೇಡಿ, ಕಲಸಲು ಸುಲಭವಾಗುತ್ತದೆ ನಿಜ, ಆದರೆ ಒಣಗಿದ ಮೇಲೆ ಕಾಂಕ್ರೀಟಿನ ಒಳಗೆಲ್ಲ ಸಣ್ಣ ಸಣ್ಣ ತೂತು. ನೆಲ, ಗೋಡೆ ಎರಡನ್ನೂ ಒಂದೇ ದಿನ ಮುಗಿಸಿ. ಇವತ್ತು ನೆಲ, ನಾಳೆ ಗೋಡೆ ಅಂತ ಮಾಡಿದರೆ ನಡುವೆ ಉಳಿಯುವ ಗೆರೆಯಲ್ಲೇ ನೀರು ದಾರಿ ಹುಡುಕುತ್ತದೆ.

ಈಗ ಪೈಪ್, ಇದನ್ನು ಕಾಂಕ್ರೀಟ್ ಹಾಕುವ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಪಿವಿಸಿ ನುಣುಪು, ಸಿಮೆಂಟ್ ಅದನ್ನು ಹಿಡಿಯುವುದೇ ಇಲ್ಲ. ಕಾಂಕ್ರೀಟಿನೊಳಗೆ ಹೋಗುವ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪ್ ಜೋಡಿಸುವ ಸೊಲ್ಯೂಷನ್ ಬಳಿದು, ಅದು ಒದ್ದೆ ಇರುವಾಗಲೇ ಒಣ ಮರಳಿನಲ್ಲಿ ಹೊರಳಿಸಿ, ರವೆಯಲ್ಲಿ ವಡೆ ಹೊರಳಿಸಿದ ಹಾಗೆ. ಒಣಗಿದ ಮೇಲೆ ಮುಟ್ಟಿದರೆ ತರಿತರಿ ಇರಬೇಕು. ಆಗ ಸಿಮೆಂಟಿಗೆ ಹಿಡಿತ ಸಿಗುತ್ತದೆ. ಪೈಪ್ ಎರಡು ಇಂಚಿನದೇ ಇರಲಿ, ಆಮೆಯಷ್ಟು ಗಲೀಜು ಮಾಡುವ ಪ್ರಾಣಿ ಕಡಿಮೆ.

ಗೋಣಿಚೀಲ ಹೊದಿಸಿ ಎರಡು ವಾರ ಒದ್ದೆ ಇಡಿ. ಮೂರನೇ ದಿನಕ್ಕೇ ‘ಸಾಕು ಬಿಡಿ ಸಾರ್’ ಅನ್ನುವ ಮೇಸ್ತ್ರಿಗಳಿದ್ದಾರೆ, ಕೇಳಬೇಡಿ.

ನಂತರ ಮೂಲೆ. ಚೂಪಾದ ಮೂಲೆಯಲ್ಲಿ ಬ್ರಷ್ಷಿನ ಕೂದಲು ಆಳಕ್ಕೆ ಹೋಗುವುದಿಲ್ಲ, ಕೋಟಿಂಗ್ ಸೇತುವೆಯ ಹಾಗೆ ಮೇಲೆ ನಿಂತು ಆಮೇಲೆ ಬಿರಿಯುತ್ತದೆ. ಅದಕ್ಕೇ ಮೊದಲು ಸಿಮೆಂಟ್ ಹಾಲು (ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಬಳಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಿ, ಬಿಯರ್ ಬಾಟಲಿ ಹೊಟ್ಟೆಯಿಂದ ಉದ್ದಕ್ಕೂ ಎಳೆಯಿರಿ. ಮೂಲೆ ದುಂಡಗಾಗುತ್ತದೆ. ಕರಣೆಗಿಂತ ಬಾಟಲಿಯೇ ವಾಸಿ. ಈ ಗಾರೆಯೂ ಕೆಲವು ದಿನ ಒದ್ದೆ ಇರಲಿ.

ಕೋಟಿಂಗಿಗೆ ಪುಡಿ ಮತ್ತು ದ್ರಾವಣ ಎರಡೂ ಸೇರಿಸಿ ಕಲಸುವ ಪಾಲಿಮರ್ ಸಿಮೆಂಟ್ ಕೊಳ್ಳಿ. ಕುಡಿಯುವ ನೀರಿನ ತೊಟ್ಟಿಗೆ ಆಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರಲೇಬೇಕು. ಡಾಂಬರು, ಎನಾಮಲ್ ಪೇಂಟ್ ಹತ್ತಿರ ಸೇರಿಸಬೇಡಿ. ನನಗೊಬ್ಬ ಅಂಗಡಿಯವನು ‘ಈಜುಕೊಳಕ್ಕೂ ಇದೇ’ ಅಂತ ಕೊಟ್ಟ ನೀಲಿ ಬಣ್ಣ ಎರಡೇ ತಿಂಗಳಿಗೆ ಹಪ್ಪಳದಂತೆ ಎದ್ದು ಬಂತು. ಗೋಡೆ ತೇವ ಇರಬೇಕು, ನೀರು ನಿಂತಿರಬಾರದು. ಮೊದಲ ಕೋಟ್ ಅಡ್ಡಡ್ಡ. ಅದು ಹಸಿ ಇರುವಾಗಲೇ ಮೂಲೆ ಮತ್ತು ಪೈಪ್ ಸುತ್ತ ಫೈಬರ್ ಜಾಲರಿ ಪಟ್ಟಿ ಒತ್ತಿ. ಮರುದಿನ ಎರಡನೇ ಕೋಟ್ ಮೇಲಿಂದ ಕೆಳಕ್ಕೆ. ಉದುರಿದ ಬ್ರಷ್ ಕೂದಲು ಕಂಡರೆ ತೆಗೆಯಿರಿ, ಬಿಟ್ಟರೆ ಅಲ್ಲೊಂದು ಸೂಜಿತೂತು ಗ್ಯಾರಂಟಿ. ಪ್ಯಾಕೆಟ್ ಹೇಳಿದಷ್ಟು ದಿನ ಒಣಗಲಿ.

ಇನ್ನು ನೀರು ತುಂಬಿ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೊಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಿ. ಎರಡು ದಿನದಲ್ಲಿ ಎರಡೂ ಒಂದೇ ಸಮ ಇಳಿದರೆ ಅದು ಬಿಸಿಲಿಗೆ ಆರಿದ್ದು. ಕೊಳದ್ದೇ ಜಾಸ್ತಿ ಇಳಿದಿದ್ದರೆ ಪೈಪ್ ಹತ್ತಿರ ನೋಡಿ.

ಸೋರಲಿಲ್ಲ ಅಂತ ಖುಷಿಯಲ್ಲಿ ಅವತ್ತೇ ಆಮೆ ಬಿಡಬೇಡಿ. ಹೊಸ ಸಿಮೆಂಟಿನ ಸುಣ್ಣ ನೀರಿಗಿಳಿದರೆ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 12ರವರೆಗೂ ಏರಬಹುದು, ಆಮೆಯ ಕಣ್ಣು, ಚರ್ಮ ಉರಿಯುತ್ತದೆ. ವಿನೆಗರ್ ನೀರಿನಲ್ಲಿ ಉಜ್ಜಿ ತೊಳೆದು, ನೀರು ತುಂಬಿ, ಮೂರು ದಿನಕ್ಕೊಮ್ಮೆ ಖಾಲಿ ಮಾಡಿ. ಮೂರು ನಾಲ್ಕು ಸಲ ಹೀಗೆ ಆಗಲಿ. ಅಕ್ವೇರಿಯಂ ಅಂಗಡಿಯಲ್ಲಿ ಪಿಎಚ್ ಕಿಟ್ ಸಿಗುತ್ತದೆ. 8ರ ಆಸುಪಾಸು ಬಂದು ಎರಡು ದಿನ ಅಲ್ಲೇ ನಿಂತರೆ ಸರಿ. ಆಮೆ ಹತ್ತಿ ಬರಲು ಒರಟು ಕಲ್ಲುಚಪ್ಪಡಿಯೊಂದನ್ನು ಓರೆಯಾಗಿ ಇಡಿ, ಅಡಿಗೆ ಹಳೇ ರಬ್ಬರ್ ಮ್ಯಾಟ್ ಹಾಕಿ. ಇಲ್ಲದಿದ್ದರೆ ಕಲ್ಲಿನ ಅಂಚೇ ಕೋಟಿಂಗ್ ಕೊರೆಯುತ್ತದೆ.