ನೀಲಗಿರಿ ತೈಲದ ನ್ಯಾನೊಎಮಲ್ಷನ್‌ಗೆ ಕರ್ಕ್ಯುಮಿನ್ ಸೇರಿಸುವ ಕ್ರಮ

ನ್ಯಾನೊಎಮಲ್ಷನ್ ಅಂದರೆ ನೀರಿನಲ್ಲಿ ಅತಿ ಸಣ್ಣ ಎಣ್ಣೆ ಹನಿಗಳು ಹರಡಿರುವ ಮಿಶ್ರಣ; ಕರ್ಕ್ಯುಮಿನ್ ಅರಿಶಿನದ ಹಳದಿ ಅಂಶ. ನೀಲಗಿರಿ ತೈಲದಲ್ಲಿರುವ ಸಿನಿಯೋಲ್ ನೀರಿನಲ್ಲಿ ತುಸು ಕರಗುತ್ತದೆ. ಸಣ್ಣ ಹನಿಗಳಿಂದ ಕರಗಿದ ಎಣ್ಣೆ ದೊಡ್ಡ ಹನಿಗಳಿಗೆ ಸೇರುತ್ತದೆ. ಇದೇ ಆಸ್ಟ್‌ವಾಲ್ಡ್ ರೈಪನಿಂಗ್. ಇದನ್ನು ತಡೆಯದಿದ್ದರೆ ಎಷ್ಟು ಸೋನಿಕೇಟ್ ಮಾಡಿದರೂ (ಶ್ರವಣಾತೀತ ಧ್ವನಿಯಿಂದ ಹನಿ ಒಡೆದರೂ) ವ್ಯರ್ಥ. ಆದ್ದರಿಂದ ನೀಲಗಿರಿ ತೈಲಕ್ಕೆ ಸಮತೂಕದ ಎಳ್ಳೆಣ್ಣೆ ಬೆರೆಸಿ. ಅದು ನೀರಿಗೆ ಹೋಗದೆ ಹನಿಯಲ್ಲೇ ಉಳಿಯುತ್ತದೆ.

ಈ ಮಿಶ್ರಣಕ್ಕೆ ಹೆಚ್ಚುವರಿ ಕರ್ಕ್ಯುಮಿನ್ ಹಾಕಿ, 25 ಡಿಗ್ರಿಯಲ್ಲಿ 48 ಗಂಟೆ ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ಎಣ್ಣೆಯನ್ನು ಎಥನಾಲ್‌ನಲ್ಲಿ ತೆಳುಮಾಡಿ ಸುಮಾರು 425 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆ ಅಳೆದು, ಎಣ್ಣೆಯಲ್ಲಿ ಕರ್ಕ್ಯುಮಿನ್ ಕರಗುವ ಮಿತಿ ತಿಳಿಯಿರಿ. ಕರಗುವ ಮಿತಿಯ 80 ಶೇಕಡಾದಷ್ಟನ್ನೇ ಬಳಸಿ. ಮೀರಿದರೆ ಕೆಲವೇ ದಿನಗಳಲ್ಲಿ ತಳದಲ್ಲಿ ಹಳದಿ ಹರಳು ಕೂರುತ್ತದೆ.

20 ಗ್ರಾಂ ಮಾದರಿಗೆ ಕರ್ಕ್ಯುಮಿನ್ ಬೆರೆತ ಎಣ್ಣೆ 1 ಗ್ರಾಂ, ಹನಿಗಳನ್ನು ಹಿಡಿದಿಡುವ ಸರ್ಫ್ಯಾಕ್ಟಂಟ್‌ಗಳಾದ ‘ಟ್ವೀನ್ 80’ 0.86 ಗ್ರಾಂ ಮತ್ತು ‘ಸ್ಪ್ಯಾನ್ 80’ 0.34 ಗ್ರಾಂ, ಉಳಿದದ್ದು ಪಿಎಚ್ 5.5ರ ಸಿಟ್ರೇಟ್ ಬಫರ್. ಕ್ಷಾರೀಯ ನೀರಿನಲ್ಲಿ ಕರ್ಕ್ಯುಮಿನ್ ಬೇಗ ಒಡೆಯುತ್ತದೆ. ಈ ಎರಡು ಸರ್ಫ್ಯಾಕ್ಟಂಟ್‌ಗಳ ಎಚ್‌ಎಲ್‌ಬಿ (ನೀರು-ಎಣ್ಣೆಗಳ ಒಲವಿನ ಅಳತೆ; ಹೆಚ್ಚಿದ್ದಷ್ಟೂ ನೀರಿನತ್ತ ಒಲವು) ಕ್ರಮವಾಗಿ 15 ಮತ್ತು 4.3, ಮೇಲಿನ ಅನುಪಾತದಲ್ಲಿ ಸುಮಾರು 12 ಬರುತ್ತದೆ. ಇದು ಆರಂಭದ ಅಳತೆ ಅಷ್ಟೆ. ಎಚ್‌ಎಲ್‌ಬಿ 11ರಿಂದ 14ರವರೆಗೆ ಬರುವಂತೆ ಅನುಪಾತ ಬದಲಿಸಿ, ಅತಿ ಸಣ್ಣ ಹನಿ ಎಲ್ಲಿ ಸಿಗುತ್ತದೋ ಅದನ್ನೇ ಇಟ್ಟುಕೊಳ್ಳಿ.

ಸ್ಪ್ಯಾನ್ ಎಣ್ಣೆಗೆ, ಟ್ವೀನ್ ಬಫರಿಗೆ ಬೆರೆಸಿ. ನೀರಿನ ಭಾಗವನ್ನು ಕಲಕುತ್ತಲೇ ಎಣ್ಣೆಯನ್ನು ನಿಧಾನ ಸುರಿದು, ಹೋಮೋಜಿನೈಸರ್‌ನಲ್ಲಿ 10,000 ಆರ್‌ಪಿಎಂ, 5 ನಿಮಿಷ ಓಡಿಸಿ. ಆಮೇಲೆ 20 ಕಿಲೋಹರ್ಟ್ಸ್‌ನ ಪ್ರೋಬ್ ಸೋನಿಕೇಟರ್: 40 ಶೇಕಡಾ ಆಂಪ್ಲಿಟ್ಯೂಡ್, 10 ಸೆಕೆಂಡ್ ಚಾಲೂ, 5 ಸೆಕೆಂಡ್ ಬಿಡುವು, ಒಟ್ಟು 5 ನಿಮಿಷ ಚಾಲೂ ಸಮಯ. ಬೀಕರ್ ಮಂಜುಗಡ್ಡೆಯಲ್ಲಿರಲಿ. ಪ್ರೋಬ್ ತುದಿ ಒಂದು ಸೆಂಟಿಮೀಟರಿನಷ್ಟು ಒಳಗಿರಲಿ, ಗಾಜಿಗೆ ತಾಗದಿರಲಿ. ಮೇಲೆ ಇದ್ದರೆ ಬರೀ ನೊರೆ ಏಳುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಬಿಸಿಗೆ ಹನಿ ಮತ್ತೆ ಕೂಡಬಹುದು, ತುದಿಯ ಟೈಟೇನಿಯಂ ಪುಡಿಯೂ ಉದುರುತ್ತದೆ.

ಕರ್ಕ್ಯುಮಿನ್‌ನ ಹಳದಿಯಲ್ಲಿ ನ್ಯಾನೊಎಮಲ್ಷನ್‌ನ ತೆಳುನೀಲಿ ಹೊಳಪು ಕಾಣದು. ಕರ್ಕ್ಯುಮಿನ್ ಇಲ್ಲದ ಒಂದು ಮಾದರಿಯನ್ನೂ ಜೊತೆಗೇ ಮಾಡಿ, ಹೊಳಪು ಅದರಲ್ಲಿ ನೋಡಿ. ಬೆಳಕಿನ ಚದುರಿಕೆಯಿಂದ ಹನಿ ಗಾತ್ರ ಅಳೆಯುವ ಡಿಎಲ್‌ಎಸ್‌ಗೆ ಸೋಸಿದ ನೀರಿನಲ್ಲಿ 100 ಪಟ್ಟು ತೆಳುಮಾಡಿ; ಪಿಡಿಐ (ಹನಿಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂಬ ಅಳತೆ) 0.2ಕ್ಕಿಂತ ಕಡಿಮೆ ಬಂದರೆ ಚೆನ್ನ. ಹನಿ ಮೇಲ್ಮೈಯ ವಿದ್ಯುದಂಶ ತೋರಿಸುವ ಝೀಟಾ ಪೊಟೆನ್ಷಿಯಲ್ ಸೊನ್ನೆಯ ಹತ್ತಿರವಿದೆಯೆಂದು ಗಾಬರಿಯಾಗಬೇಡಿ, ಇಂಥ ನಾನ್‌ಅಯಾನಿಕ್ (ವಿದ್ಯುದಂಶವಿಲ್ಲದ) ಸರ್ಫ್ಯಾಕ್ಟಂಟ್‌ಗಳು ಹನಿಗಳನ್ನು ದೂರವಿಡುವುದು ವಿದ್ಯುದಂಶದಿಂದಲ್ಲ, ತಮ್ಮ ಉದ್ದನೆಯ ಸರಪಳಿಗಳಿಂದ.

1, 7, 14, 28ನೇ ದಿನ ಗಾತ್ರ ಅಳೆದು, ತ್ರಿಜ್ಯದ ಘನವನ್ನು ದಿನಗಳ ಎದುರು ಗ್ರಾಫ್ ಹಾಕಿ. ಸರಳರೇಖೆ ಏರಿದರೆ ರೈಪನಿಂಗ್ ಎಂದೇ ತಿಳಿಯಿರಿ: ಎಳ್ಳೆಣ್ಣೆಯ ಪಾಲು 60–70 ಶೇಕಡಾಕ್ಕೆ ಏರಿಸಿ, ಕರಗುವ ಮಿತಿಯನ್ನು ಮತ್ತೆ ಅಳೆಯಿರಿ. ಟ್ವೀನ್ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಹೆಚ್ಚುವರಿ ಮಿಸೆಲ್‌ಗಳು (ನೀರಿನಲ್ಲಿ ಸರ್ಫ್ಯಾಕ್ಟಂಟ್ ಅಣುಗಳು ಕಟ್ಟುವ ಸಣ್ಣ ಗುಂಪುಗಳು) ಎಣ್ಣೆಯನ್ನು ಹನಿಯಿಂದ ಹನಿಗೆ ಇನ್ನೂ ವೇಗವಾಗಿ ಸಾಗಿಸಬಹುದು.