ಕಿಟಕಿ ಮುಚ್ಚುವ ಋತುವಿನಲ್ಲಿ: ಸಾಂಕ್ರಾಮಿಕದ ನಡುವೆ ಮನೆ, ಹಿತ್ತಿಲು, ನೆರೆಹೊರೆ

ಉಸಿರಿನ ಮೂಲಕ ಹರಡುವ ಕಾಯಿಲೆಯೊಂದು ಎಲ್ಲೆಡೆ ಹಬ್ಬಿರುವಾಗ, ಬೇಸಿಗೆಗಿಂತ ಎಲೆ ಉದುರುವ ಕಾಲವನ್ನು ನಿಭಾಯಿಸುವುದು ಕಷ್ಟ. ಬೇಸಿಗೆಯಲ್ಲಿ ತೆರೆದೇ ಇದ್ದ ಕಿಟಕಿಗಳು ಚಳಿ ಏರಿದಂತೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಹಗಲು ಕಿರಿದಾಗುತ್ತದೆ, ಅಂಗಳದಲ್ಲಿ ನಿಂತು ಆಡುತ್ತಿದ್ದ ಮಾತುಕತೆ ಒಳಕೋಣೆಗೆ ಸರಿಯುತ್ತದೆ. 1918ರ ಇನ್‌ಫ್ಲುಯೆಂಜಾದ ಅತ್ಯಂತ ಮಾರಕವಾದ ಎರಡನೆಯ ಅಲೆ ಬಂದದ್ದು ಆ ವರ್ಷದ ಕೊನೆಯ ನಾಲ್ಕು ತಿಂಗಳುಗಳಲ್ಲಿ. 2020ರಲ್ಲಿ ಕೋವಿಡ್ ಕೂಡ ಯುರೋಪಿನ ಹಲವು ದೇಶಗಳಲ್ಲಿ ಬೇಸಿಗೆಯಲ್ಲಿ ತಗ್ಗಿ, ಅಕ್ಟೋಬರ್ ಹೊತ್ತಿಗೆ ಮತ್ತೆ ತಲೆ ಎತ್ತಿತು. ಆದ್ದರಿಂದ ಈ ಋತುವಿನ ಮನೆಗೆಲಸ, ತೋಟದ ಕೆಲಸ, ನೆರೆಯವರೊಂದಿಗಿನ ಒಡನಾಟ ಇವೆಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಯೋಜಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಇಲ್ಲಿರುವವರಿಗೆ ಹೊಸ ಗಾಳಿ ಎಲ್ಲಿಂದ ಬರುತ್ತದೆ?

ಮೊದಲ ಶರತ್ಕಾಲದಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬಾಗಿಲಿಗೆ ಬಂದ ಪ್ರತಿಯೊಂದು ಪೊಟ್ಟಣವನ್ನೂ ಒರೆಸಿ ಒಳಗೆ ತರುತ್ತಿದ್ದೆವು. ಆದರೆ ಪೊಟ್ಟಣ ಒರೆಸುತ್ತಿದ್ದ ಕೋಣೆಯ ಕಿಟಕಿ ವಾರಗಟ್ಟಲೆ ತೆರೆದಿರಲಿಲ್ಲ. ಸೋಂಕು ಹೆಚ್ಚಾಗಿ ಹರಡುವುದು ಮಾತನಾಡುವಾಗ, ಕೆಮ್ಮುವಾಗ, ಬರೀ ಉಸಿರಾಡುವಾಗಲೂ ಹೊರಬರುವ ಸೂಕ್ಷ್ಮ ಕಣಗಳಿಂದ ಎಂಬುದು ಆಮೇಲೆ ಸ್ಪಷ್ಟವಾಯಿತು. ಮುಚ್ಚಿದ ಕೋಣೆಯಲ್ಲಿ ಈ ಕಣಗಳು ಬಹಳ ಹೊತ್ತು ತೇಲುತ್ತವೆ, ಮಾತನಾಡಿದವರು ಎದ್ದು ಹೋದ ಮೇಲೂ ಉಳಿದಿರುತ್ತವೆ. ಸಾಬೂನು ಹಚ್ಚಿ 20 ಸೆಕೆಂಡು ಕೈ ತೊಳೆಯುವ ಅಭ್ಯಾಸವನ್ನು ಬಿಡಬೇಕಾಗಿಲ್ಲ, ಏಕೆಂದರೆ ಸಾಬೂನು ವೈರಾಣುವಿನ ಕೊಬ್ಬಿನ ಹೊದಿಕೆಯನ್ನೇ ಒಡೆಯುತ್ತದೆ. ಆದರೆ ಒರೆಸುವುದಕ್ಕೆ ಕೊಡುತ್ತಿದ್ದ ಸಮಯದ ದೊಡ್ಡ ಪಾಲನ್ನು ಈಗ ಕಿಟಕಿಗೆ ಕೊಡಿ.

ಚಳಿ ಬಲಿಯುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು, ಮನೆಯಲ್ಲಿ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಇದಕ್ಕೆ ಬೇಕಾಗಿರುವುದು ತೆಳುವಾದ ಟಿಶ್ಯೂ ಕಾಗದದ ಒಂದು ಪಟ್ಟಿ ಮಾತ್ರ; ಬೆರಳಗಲ, ಗೇಣುದ್ದ ಇದ್ದರೆ ಸಾಕು. ಕಿಟಕಿಯನ್ನು ಅಂಗೈಯಷ್ಟು ತೆರೆದು, ಪಟ್ಟಿಯ ಒಂದು ತುದಿಯನ್ನು ಹಿಡಿದು ಸಂದಿಯ ಕೆಳಭಾಗಕ್ಕೆ ಒಯ್ಯಿರಿ, ಆಮೇಲೆ ಮೇಲ್ಭಾಗಕ್ಕೆ. ಹೊರಗೆ ಗಾಳಿ ಬೀಸದ, ಒಳಗೆ ಬೆಚ್ಚಗಿರುವ ಹೊತ್ತಿನಲ್ಲಿ ಕೆಳಗೆ ಹಿಡಿದ ಕಾಗದ ಸಾಮಾನ್ಯವಾಗಿ ಒಳಕ್ಕೆ ಬಾಗುತ್ತದೆ, ಮೇಲೆ ಹಿಡಿದದ್ದು ಹೊರಕ್ಕೆ. ಭಾರವಾದ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ, ಹಗುರವಾದ ಬಿಸಿಗಾಳಿಯನ್ನು ಮೇಲಿನಿಂದ ತಳ್ಳುತ್ತಿದೆ ಎಂದರ್ಥ. ಈಗ ಎದುರು ಬದಿಯ ಇನ್ನೊಂದು ಕಿಟಕಿಯನ್ನು ತೆರೆಯಲು ಯಾರಿಗಾದರೂ ಹೇಳಿ. ಅದುವರೆಗೆ ಸುಮ್ಮನೆ ಅಲುಗುತ್ತಿದ್ದ ಕಾಗದ ತಟ್ಟನೆ ಅಡ್ಡಡ್ಡ ನಿಂತುಬಿಡುತ್ತದೆ. ಎರಡು ಕಡೆ ತೆರೆಯುವುದಕ್ಕೂ ಒಂದು ಕಡೆ ತೆರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯ ಮಕ್ಕಳಿಗೂ ಹಿರಿಯರಿಗೂ ಇಷ್ಟು ಚೆನ್ನಾಗಿ ತಿಳಿಸಿಕೊಡುವ ಬೇರೆ ಉಪಾಯವನ್ನು ನಾನು ಕಾಣೆ. ಕಾಗದ ಕದಲದೇ ಇರುವ ಮೂಲೆಗಳನ್ನು ಗುರುತಿಟ್ಟುಕೊಳ್ಳಿ. ಅತಿಥಿಗಳನ್ನು ಅಲ್ಲಿ ಕೂರಿಸಬೇಡಿ.

ಚಳಿಯಲ್ಲಿ ಇಡೀ ದಿನ ಕಿಟಕಿ ತೆರೆದಿಡಲು ಆಗುವುದಿಲ್ಲ, ಇಡಬೇಕಾದ ಅಗತ್ಯವೂ ಇಲ್ಲ. ದಿನಕ್ಕೆ ಹಲವು ಬಾರಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಲು ಬಿಟ್ಟರೆ ಕೋಣೆಯ ಗಾಳಿ ಬಹುಪಾಲು ಬದಲಾಗುತ್ತದೆ. ಗೋಡೆ, ನೆಲ, ಪೀಠೋಪಕರಣಗಳಲ್ಲಿ ಹಿಡಿದಿಟ್ಟುಕೊಂಡ ಶಾಖ ಉಳಿಯುವುದರಿಂದ ಕಿಟಕಿ ಮುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಕೋಣೆ ಮತ್ತೆ ಬೆಚ್ಚಗಾಗುತ್ತದೆ. ಜರ್ಮನಿಯಲ್ಲಿ ಮೊದಲಿನಿಂದಲೂ ಮನೆಮನೆಯ ರೂಢಿಯಾಗಿದ್ದ ಈ ಕ್ರಮವನ್ನು 2020ರ ಶರತ್ಕಾಲದಲ್ಲಿ ಅಲ್ಲಿನ ಸರ್ಕಾರ ಅಂತರ, ಸ್ವಚ್ಛತೆ, ಮಾಸ್ಕ್‌ಗಳ ಜೊತೆಗೆ ತನ್ನ ಅಧಿಕೃತ ಸಲಹೆಗಳಲ್ಲಿ ಸೇರಿಸಿತು. ಯಾರಾದರೂ ಬಂದು ಹೋದ ಕೂಡಲೇ ಒಮ್ಮೆ, ಮಲಗುವ ಮೊದಲು ಒಮ್ಮೆ, ಎದ್ದ ಮೇಲೆ ಒಮ್ಮೆ ಎಂಬುದನ್ನು ಕನಿಷ್ಠ ನಿಯಮವಾಗಿ ಇಟ್ಟುಕೊಳ್ಳಿ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಸಿಕ್ಕಿದರೆ ಅಂದಾಜಿನ ಕೆಲಸ ತಪ್ಪುತ್ತದೆ: ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ತೋರಿಸುತ್ತದೆ, ಜನರಿರುವ ಕೋಣೆಯಲ್ಲಿ 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಬದಲಾಗುತ್ತಿದೆ, 1,500 ದಾಟಿದರೆ ಪರಸ್ಪರರು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದೀರಿ ಎಂದು ತಿಳಿಯಬೇಕು.

ಕಿಟಕಿಯೇ ಇಲ್ಲದ ಅಥವಾ ತೆರೆಯಲಾಗದ ಕೋಣೆಗೆ ಫಿಲ್ಟರ್ ಬೇಕು. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಪೆಟ್ಟಿಗೆಯನ್ನು ಮನೆಯಲ್ಲೇ ಒಂದು ಗಂಟೆಯೊಳಗೆ ಕಟ್ಟಬಹುದು. 20 ಇಂಚಿನ ಚೌಕಾಕಾರದ ಫ್ಯಾನು, ಅದೇ ಅಳತೆಯ, ಸೂಕ್ಷ್ಮ ಕಣಗಳನ್ನು ಹಿಡಿಯಬಲ್ಲ ಮೆರ್ವ್-13 ದರ್ಜೆಯ ನಾಲ್ಕು ಫಿಲ್ಟರ್‌ಗಳು, ರಟ್ಟು ಮತ್ತು ಅಗಲವಾದ ಅಂಟುಪಟ್ಟಿ ಇದ್ದರಾಯಿತು. ಫಿಲ್ಟರ್‌ಗಳ ಮೇಲಿನ ಬಾಣದ ಗುರುತು ಒಳಮುಖವಾಗಿರುವಂತೆ ನಾಲ್ಕು ಗೋಡೆ ನಿಲ್ಲಿಸಿ, ತಳಕ್ಕೆ ರಟ್ಟು ಅಂಟಿಸಿ, ಗಾಳಿ ಮೇಲಕ್ಕೆ ಊದುವಂತೆ ಫ್ಯಾನನ್ನು ಮುಚ್ಚಳದ ಜಾಗದಲ್ಲಿ ಕೂರಿಸಬೇಕು. ಸಂದಿಗಳೆಲ್ಲ ಬಿಗಿಯಾಗಿ ಮುಚ್ಚಿರಬೇಕು, ಇಲ್ಲವಾದರೆ ಗಾಳಿ ಫಿಲ್ಟರ್ ಬಿಟ್ಟು ಸಂದಿಯಲ್ಲೇ ನುಸುಳುತ್ತದೆ. ಫ್ಯಾನಿನ ನಾಲ್ಕು ಮೂಲೆಗಳನ್ನು ಮುಚ್ಚಿ ರೆಕ್ಕೆ ತಿರುಗುವ ವೃತ್ತವನ್ನಷ್ಟೇ ಬಿಟ್ಟು ಕತ್ತರಿಸಿದ ರಟ್ಟಿನ ಬಳೆಯೊಂದನ್ನು ಮೇಲೆ ಅಂಟಿಸಿದರೆ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ. ಈ ಪೆಟ್ಟಿಗೆ ಕಣಗಳನ್ನು ಹಿಡಿಯುತ್ತದೆಯೇ ಹೊರತು ಇಂಗಾಲದ ಡೈಆಕ್ಸೈಡನ್ನು ಇಳಿಸುವುದಿಲ್ಲವಾದ್ದರಿಂದ, ಮೀಟರಿನ ಅಂಕಿ ಮೇಲೆಯೇ ಇದ್ದರೆ ಪೆಟ್ಟಿಗೆ ಕೆಟ್ಟಿದೆ ಎಂದು ಭಾವಿಸಬೇಡಿ.

ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಅವರಿಗೆ ಕೊಡಬೇಕಾದ ಕೋಣೆ ಯಾವುದು ಎಂಬುದನ್ನು, ಎಲ್ಲರೂ ಆರೋಗ್ಯವಾಗಿರುವಾಗಲೇ ತೀರ್ಮಾನಿಸಿಡಿ. ಹೊರಗಿನ ಗೋಡೆಗೆ ಕಿಟಕಿಯಿರುವ, ಸಾಧ್ಯವಾದರೆ ಬಚ್ಚಲು ಹತ್ತಿರವಿರುವ ಕೋಣೆಯನ್ನು ಆರಿಸಿ, ಕಿಟಕಿಯಲ್ಲಿ ಹೊರಮುಖವಾಗಿ ಫ್ಯಾನು ಇಟ್ಟರೆ ಆ ಕೋಣೆಯ ಗಾಳಿ ಮನೆಯೊಳಗೆ ಬಾರದೆ ಹೊರಗೇ ಹೋಗುತ್ತದೆ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಕಾಗದದ ಪಟ್ಟಿ ಹಿಡಿದು ನೋಡಿದಾಗ ಅದು ರೋಗಿಯ ಕೋಣೆಯ ಕಡೆಗೆ ಬಾಗಬೇಕು. ಇಲ್ಲೊಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಗ್ಯಾಸ್, ಸೌದೆ ಅಥವಾ ಸೀಮೆಎಣ್ಣೆಯಿಂದ ಉರಿಯುವ ಒಲೆಯೋ ಹೀಟರೋ ಹೊತ್ತಿರುವಾಗ ಹೀಗೆ ಗಾಳಿಯನ್ನು ಹೊರಗೆಳೆದರೆ, ಹೊಗೆಕೊಳವೆಯಲ್ಲಿ ಮೇಲೆ ಹೋಗಬೇಕಾದ ಕಾರ್ಬನ್ ಮೊನಾಕ್ಸೈಡ್ ಒಳಕ್ಕೆ ತಿರುಗಬಹುದು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಅಂಥ ಮನೆಗಳಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ಹಾಕಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಆರೈಕೆಗೆ ಒಬ್ಬರೇ ನಿಲ್ಲಲಿ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಇಬ್ಬರಿಗೂ ಇರಲಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬಳಸುವಾಗ ಉಗುರಿನ ಬಣ್ಣ ತೆಗೆದು, ತಣ್ಣಗಿರುವ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ನೋಡಬೇಕು, ಏಕೆಂದರೆ ಎರಡೂ ಅಂಕಿಯನ್ನು ತಪ್ಪಿಸುತ್ತವೆ. ಅಂಕಿ ಎಷ್ಟೇ ಇರಲಿ, ಉಸಿರು ಸಿಗದಿರುವುದು, ಎದೆಯಲ್ಲಿ ಒತ್ತಿದಂಥ ನೋವು, ಗೊಂದಲದ ಮಾತು, ತುಟಿ ನೀಲಿಗಟ್ಟುವುದು ಕಂಡರೆ ತಡಮಾಡದೆ ವೈದ್ಯಕೀಯ ನೆರವು ಕರೆಯಿರಿ.

ಇನ್ನು ಹಿತ್ತಿಲಿಗೆ ಬರೋಣ. ಉದುರಿದ ಎಲೆಗಳನ್ನು ರಾಶಿ ಹಾಕಿ ಬೆಂಕಿ ಕೊಡುವುದು ಅನೇಕರ ರೂಢಿ. ಯಾವ ವರ್ಷವೂ ಅದು ಒಳ್ಳೆಯದಲ್ಲ, ಸಾಂಕ್ರಾಮಿಕದ ವರ್ಷದಲ್ಲಂತೂ ಅದನ್ನು ಖಂಡಿತ ಮಾಡಬಾರದು. ತೇವದ ಎಲೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನು ಮತ್ತೆ ಹಾಸಿಗೆಗೆ ತಳ್ಳುತ್ತವೆ. ಅಷ್ಟೇ ಅಲ್ಲ, ಹೊಗೆ ಬಂದ ಕೂಡಲೇ ಸುತ್ತಲಿನ ಹತ್ತು ಮನೆಯವರು ಕಿಟಕಿ ಮುಚ್ಚುತ್ತಾರೆ. ಇಷ್ಟೆಲ್ಲ ಶ್ರಮಪಟ್ಟು ಕಲಿಸಿದ ಅಭ್ಯಾಸವನ್ನು ಒಬ್ಬರ ಕಡ್ಡಿಗೀರು ಹಾಳು ಮಾಡುತ್ತದೆ.

ಎಲೆಯನ್ನು ಸುಡುವ ಬದಲು ಕೊಳೆಯಲು ಬಿಡಿ. ಒಂದು ಮೀಟರಿನಷ್ಟು ಅಗಲವಾಗುವಂತೆ ತಂತಿಬಲೆಯನ್ನು ದುಂಡಗೆ ಸುತ್ತಿ ನೆರಳಿನಲ್ಲಿ ನಿಲ್ಲಿಸಿ, ಅದರೊಳಗೆ ತರಗೆಲೆ ತುಂಬಿ, ನೀರು ಚಿಮುಕಿಸಿ, ತುಳಿದು, ಮತ್ತೆ ತುಂಬಬೇಕು. ಹಿಡಿಯಷ್ಟು ಎಲೆಯನ್ನು ಹಿಂಡಿದರೆ ಒಂದೆರಡು ಹನಿ ನೀರು ಬರುವಷ್ಟು ಒದ್ದೆ ಸಾಕು. ಅಡುಗೆಮನೆಯ ಹಸಿಕಸ ಬೆರೆಸಿ ಮಾಡುವ ಕಾಂಪೋಸ್ಟಿನಂತೆ ಇದು ಬಿಸಿಯೇರುವುದಿಲ್ಲ, ಏಕೆಂದರೆ ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಶಿಲೀಂಧ್ರಗಳು, ಅವುಗಳಿಗೆ ಅವಸರವಿಲ್ಲ. ಎಲೆಗಳನ್ನು ಮೊದಲೇ ತುಂಡರಿಸಿದ್ದರೆ ವರ್ಷದೊಳಗೆ, ಇಡಿಯಾಗಿ ಹಾಕಿದ್ದರೆ ಎರಡು ವರ್ಷಗಳಲ್ಲಿ ಎಲೆಗೊಬ್ಬರ ಸಿದ್ಧವಾಗುತ್ತದೆ. ನಮ್ಮ ರಾಶಿಯನ್ನು ಮುಂದಿನ ಶರತ್ಕಾಲದಲ್ಲಿ ಬಗೆದು ನೋಡಿದಾಗ ಎದೆಯೆತ್ತರ ಇದ್ದದ್ದು ಮೊಣಕಾಲಿಗೆ ಇಳಿದಿತ್ತು. ಮೇಲಿನ ಪದರದಲ್ಲಿ ಎಲೆಗಳು ಇನ್ನೂ ಎಲೆಗಳೇ; ಒಂದು ಮೊಳ ಕೆಳಗೆ ನರಗಳಷ್ಟೇ ಉಳಿದ ಜಾಲರಿ, ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು; ತಳದಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆಯ, ಬೆರಳ ನಡುವೆ ಪುಡಿಯಾಗುವ ಕಪ್ಪು ಪದಾರ್ಥ. ಅದನ್ನು ಪಾತಿಗಳ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿದರೆ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಿಡದ ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ. ರೋಗ ಬಂದ ಗಿಡಗಳ ಎಲೆಗಳನ್ನು ಈ ರಾಶಿಗೆ ಸೇರಿಸದೆ ಬೇರೆಯಾಗಿ ವಿಲೇವಾರಿ ಮಾಡಿ. ಪೊದೆಗಳ ಅಡಿಯ ಎಲೆಯನ್ನು ಹಾಗೆಯೇ ಬಿಡಿ, ಚಿಟ್ಟೆಗಳ ಕೋಶಗಳೂ ಗುಲಗಂಜಿ ಹುಳುಗಳೂ ಚಳಿಗಾಲ ಕಳೆಯುವುದು ಅಲ್ಲೇ.

ಒಣಗಿದ ರಾಶಿಯನ್ನು ಕೆದಕುವಾಗ ಏಳುವ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಮನೆಯಲ್ಲಿರುವ ಮಾಸ್ಕನ್ನು ಇಲ್ಲಿಯೂ ಧರಿಸಿ, ಕೆದಕುವ ಮೊದಲು ನೀರು ಚಿಮುಕಿಸಿ. ಇನ್ನು ಏಣಿ ಹತ್ತಿ ಸೂರಿನ ನೀರುದೋಣಿಯಲ್ಲಿ ಸಿಕ್ಕಿದ ಎಲೆ ತೆಗೆಯುವ ಕೆಲಸವನ್ನು ಒಬ್ಬರೇ ಇರುವಾಗ ಮಾಡಬೇಡಿ, ಒದ್ದೆ ಎಲೆ ಬಿದ್ದ ಮೆಟ್ಟಿಲುಗಳನ್ನು ದಿನವೂ ಗುಡಿಸಿ. ಆಸ್ಪತ್ರೆಗಳು ತುಂಬಿರುವ ಕಾಲದಲ್ಲಿ ಮುರಿದ ಮೂಳೆಗೆ ಚಿಕಿತ್ಸೆ ಸಿಗುವುದೂ ತಡವಾಗಬಹುದು. ಮದ್ಯಸಾರದ ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲು ಯಾವ ಬೆಂಕಿಯ ಹತ್ತಿರವೂ ಹೋಗಕೂಡದು. ತೋಟದಲ್ಲಿ ಮಣ್ಣಾದ ಕೈಗೆ ಅದು ಪರಿಣಾಮಕಾರಿಯೂ ಅಲ್ಲ, ಸಾಬೂನು ನೀರೇ ಸರಿ.

ನೆರೆಯವರನ್ನು ಕಾಣಲು ಈ ಎಲೆಗಳ ಕೆಲಸಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ. ಹೊರಾಂಗಣದಲ್ಲಿ ಸೋಂಕು ತಗಲುವ ಸಂಭವ ಮುಚ್ಚಿದ ಕೋಣೆಗಿಂತ ಬಹಳ ಕಡಿಮೆ, ಗುಡಿಸುವವರ ನಡುವೆ ಅಂತರ ತಾನಾಗಿಯೇ ಇರುತ್ತದೆ, ಕೆಲಸಕ್ಕೆ ಮೈ ಬೆಚ್ಚಗಾಗುತ್ತದೆ. ವಾರಕ್ಕೊಂದು ಮಧ್ಯಾಹ್ನ, ಬಿಸಿಲಿರುವ ಹೊತ್ತಿನಲ್ಲಿ, ಬೀದಿಯವರೆಲ್ಲ ತಮ್ಮ ತಮ್ಮ ಪೊರಕೆ ಬುಟ್ಟಿ ತಂದು ಒಂದು ಗಂಟೆ ದುಡಿಯುವುದೆಂದು ಗೊತ್ತು ಮಾಡಿ. ವಯಸ್ಸಾದವರ ಅಂಗಳವನ್ನು ಮೊದಲು ಗುಡಿಸಿ. ಅವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಮಾತನಾಡುತ್ತಿರಲಿ, ಏಕೆಂದರೆ ಅನೇಕರಿಗೆ ಆ ವಾರದಲ್ಲಿ ಮುಖ ನೋಡಿ ಆಡುವ ಮಾತು ಅದೊಂದೇ ಆಗಿರುತ್ತದೆ. ಮಳೆ ಬಂದರೆ ಕೆಲಸವನ್ನು ಮರುದಿನಕ್ಕೆ ಮುಂದೂಡಿ, ಯಾರ ಮನೆಯ ಒಳಗೂ ಸೇರಬೇಡಿ.

ಅದೇ ಮಧ್ಯಾಹ್ನ ಒಂದು ಕಾಗದದಲ್ಲಿ ಎಲ್ಲರ ಫೋನ್ ನಂಬರ್ ಬರೆದು, ಯಾರು ಯಾರಿಗೆ ದಿನವೂ ಕರೆ ಮಾಡಬೇಕೆಂದು ಜೋಡಿ ಮಾಡಿಡಿ. ಒಬ್ಬರೇ ಹತ್ತು ಜನರನ್ನು ವಿಚಾರಿಸುವ ವ್ಯವಸ್ಥೆ ಆ ಒಬ್ಬರು ಮಲಗಿದ ದಿನವೇ ನಿಲ್ಲುತ್ತದೆ. ಒಬ್ಬರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ವಿಚಾರಿಸುವ ಸರಪಳಿಯಾದರೆ ಒಂದು ಕೊಂಡಿ ಕಳಚಿದ್ದು ಆ ದಿನವೇ ತಿಳಿಯುತ್ತದೆ. ಫೋನ್ ಬಳಸಲಾಗದವರು ಬೆಳಿಗ್ಗೆ ಪರದೆ ಸರಿಸುವುದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ಹೊತ್ತೇರಿದರೂ ಪರದೆ ಸರಿಯದಿದ್ದರೆ ಎದುರು ಮನೆಯವರು ಬಾಗಿಲು ತಟ್ಟಿ ಎರಡು ಮೀಟರ್ ಹಿಂದೆ ಸರಿದು ನಿಲ್ಲಬೇಕು. ಔಷಧಿ ತಂದುಕೊಡುವುದು ಯಾರ ಪಾಲು, ಒಂಟಿಯಾಗಿರುವವರ ಬಾಗಿಲಿನ ಬದಲಿ ಕೀಲಿ ಯಾರ ಬಳಿ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ.

ಫ್ಲೂ ಲಸಿಕೆ ಲಭ್ಯವಿದ್ದರೆ ಈ ಕಾಲದ ಆರಂಭದಲ್ಲೇ ಹಾಕಿಸಿಕೊಳ್ಳಿ, ದೇಹದಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ನೆಲ ಹೆಪ್ಪುಗಟ್ಟುವ ಮೊದಲು ವಸಂತದ ಹೂಗೆಡ್ಡೆಗಳನ್ನು, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳಕ್ಕೆ, ಮೊನೆ ಮೇಲಾಗಿ ಊರಿರಿ. ಗೋಡೆಯಾಚೆಯ ನೆರೆಯವರಿಗೂ ಹಿಡಿಯಷ್ಟು ಕೊಟ್ಟು, ಅವರ ಕಿಟಕಿಗೆ ಕಾಣುವ ಜಾಗದಲ್ಲೇ ಊರಲು ಹೇಳಿ.