ಬೇಸ್ ಗಿಟಾರಿನ ಪಿಕಪ್ ಮತ್ತು ಪ್ರೀಆಂಪ್: ಹೋಲಿಸಿ ನೋಡಿದ ನನ್ನ ಅನುಭವ

ಮೇಲ್ದರ್ಜೆಯ ಐದು ತಂತಿಯ ಬೇಸ್ ಗಿಟಾರೊಂದು ನನ್ನ ಕೈಗೆ ಬಂದ ಮೊದಲ ವಾರದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಅದರ ಆಕ್ಟಿವ್-ಪ್ಯಾಸಿವ್ ಸ್ವಿಚ್ಚಿನ ಜೊತೆಗೆ. ತಂತಿಯ ಕಂಪನವನ್ನು ಪಿಕಪ್ ವಿದ್ಯುತ್ ಸಿಗ್ನಲ್ ಆಗಿಸುತ್ತದೆ; ಆ ಸಿಗ್ನಲ್ ಗಿಟಾರಿನೊಳಗಿನ ಬ್ಯಾಟರಿಚಾಲಿತ ಪ್ರೀಆಂಪಿನ ಮೂಲಕ ಹೋದರೆ ಆಕ್ಟಿವ್, ನೇರವಾಗಿ ಕೇಬಲ್ಲಿಗೆ ಹೋದರೆ ಪ್ಯಾಸಿವ್. ಬೇಸ್, ಮಿಡ್, ಟ್ರೆಬಲ್ ಮೂರೂ ನಾಬ್‌ಗಳನ್ನು ನಡುಗುರುತಿನಲ್ಲಿ ನಿಲ್ಲಿಸಿ ಸ್ವಿಚ್ಚನ್ನು ಆಕ್ಟಿವ್ ಕಡೆಗೆ ಒತ್ತಿದರೆ ಮುಸುಕು ಸರಿದಂತೆ ಧ್ವನಿ ತೆರೆದುಕೊಳ್ಳುತ್ತಿತ್ತು. ಹಿಂದಕ್ಕೆ ಒತ್ತಿದರೆ ಮತ್ತೆ ಮಂಕಾಗುತ್ತಿತ್ತು. ನಾಬ್‌ಗಳು ಏನನ್ನೂ ಕೂಡಿಸುತ್ತಿಲ್ಲ, ಕಳೆಯುತ್ತಲೂ ಇಲ್ಲ ಎಂದಮೇಲೆ ಈ ವ್ಯತ್ಯಾಸ ಪ್ರೀಆಂಪಿನ ಗುಣಮಟ್ಟದ್ದೇ ಇರಬೇಕು ಎಂದು ನಾನು ನಂಬಿದೆ. ಆ ನಂಬಿಕೆ ಬಹುಮಟ್ಟಿಗೆ ತಪ್ಪು ಎಂದು ತಿಳಿಯಲು ಸುಮಾರು ಎರಡು ವರ್ಷ ಬೇಕಾಯಿತು. ಆ ಅವಧಿಯಲ್ಲಿ ಒಂದೇ ಗಿಟಾರಿನಲ್ಲಿ ಮೂರು ಬಗೆಯ ಪಿಕಪ್‌ಗಳನ್ನೂ ಎರಡು ಪ್ರೀಆಂಪ್‌ಗಳನ್ನೂ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅನುಮಾನ ಮೊದಲು ಹುಟ್ಟಿದ್ದು ಕೇಬಲ್ಲಿನಿಂದ. ಒಮ್ಮೆ ಹತ್ತು ಮೀಟರ್ ಕೇಬಲ್ ಬಿಟ್ಟು ಮೂರು ಮೀಟರಿನದನ್ನು ಚುಚ್ಚಿ ನುಡಿಸಿದಾಗ ಪ್ಯಾಸಿವ್ ಧ್ವನಿ ಗಮನಕ್ಕೆ ಬರುವಷ್ಟು ಬೆಳಗಿತು. ಆಕ್ಟಿವ್ ಧ್ವನಿ ಮಾತ್ರ ಎರಡರಲ್ಲೂ ಇದ್ದಂತೆಯೇ ಇತ್ತು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳುತಂತಿ. ಅದಕ್ಕೆ ಇಂಡಕ್ಟನ್ಸ್ ಇದೆ. ಕೇಬಲ್ಲಿಗೆ ಕೆಪಾಸಿಟನ್ಸ್ ಇದೆ, ಮೀಟರಿಗೆ ಸುಮಾರು 100 ಪೈಕೋಫ್ಯಾರಡ್ ಎಂದಿಟ್ಟುಕೊಳ್ಳಬಹುದು. ಇವೆರಡೂ ಸೇರಿ ಒಂದು ಅನುರಣನ ಬಿಂದುವನ್ನು ಕಟ್ಟುತ್ತವೆ, ಅದರಾಚೆಗಿನ ತಾರ ಕಂಪನಗಳು ಬೇಗನೆ ಇಳಿದುಹೋಗುತ್ತವೆ. ನಾಲ್ಕು ಹೆನ್ರಿ ಇಂಡಕ್ಟನ್ಸಿನ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ ಒಟ್ಟು 600 ಪೈಕೋಫ್ಯಾರಡ್ ಹೊರೆ ಬಿದ್ದರೆ ಆ ಬಿಂದು ಸುಮಾರು 3.2 ಕಿಲೋಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಹೊರೆ 1100ಕ್ಕೆ ಏರಿದರೆ 2.4ಕ್ಕೆ ಇಳಿಯುತ್ತದೆ. ಬೆರಳು ತಂತಿಯನ್ನು ಬಿಡುವ ಸದ್ದು, ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ) ತಂತಿ ತಾಗುವ ಸದ್ದು ಇವೆಲ್ಲ ಇರುವುದು ಆ ಆಸುಪಾಸಿನಲ್ಲೇ. ಪ್ರೀಆಂಪ್ ಪಿಕಪ್ಪನ್ನು ಕೇಬಲ್ಲಿನಿಂದ ಬೇರ್ಪಡಿಸುತ್ತದೆ, ಹಾಗಾಗಿ ಆ ಹೊರೆ ಪಿಕಪ್ಪಿನ ಮೇಲೆ ಬೀಳುವುದೇ ಇಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಬಳಸಿ, ಪಿಕಪ್ಪನ್ನು ಕೇಬಲ್ಲಿನಿಂದ ಬೇರ್ಪಡಿಸುವುದಷ್ಟೇ ಕೆಲಸವಾದ ಸಣ್ಣ ಬಫರ್ ಮಾಡಿಕೊಂಡೆ. ಅದರಲ್ಲಿ ಈಕ್ಯೂ (ಬೇಸ್, ಮಿಡ್, ಟ್ರೆಬಲ್ ಏರಿಳಿಸುವ ವ್ಯವಸ್ಥೆ) ಇಲ್ಲ, ಸಿಗ್ನಲ್ ದೊಡ್ಡದಾಗುವುದೂ ಇಲ್ಲ. ಗಿಟಾರಿನಿಂದ ಗೇಣುದ್ದದ ಕೇಬಲ್ಲಿನಲ್ಲಿ ಬಫರಿಗೆ ಹೋಗಿ, ಅಲ್ಲಿಂದ ಹತ್ತು ಮೀಟರ್ ಕೇಬಲ್ಲಿನಲ್ಲಿ ಆಡಿಯೊ ಇಂಟರ್‌ಫೇಸಿಗೆ ಹೋದೆ. ಸ್ವಿಚ್ಚನ್ನು ಪ್ಯಾಸಿವ್‌ನಲ್ಲಿಟ್ಟು ಹೀಗೆ ನುಡಿಸಿದ ಧ್ವನಿಯನ್ನು ದುಬಾರಿ ಪ್ರೀಆಂಪಿನ ಆಕ್ಟಿವ್ ಧ್ವನಿಯೊಂದಿಗೆ ಹೋಲಿಸಿದಾಗ ನಾನು ಅಷ್ಟು ದಿನ ಮೆಚ್ಚಿಕೊಂಡಿದ್ದ 'ತೆರೆದುಕೊಳ್ಳುವಿಕೆ'ಯ ಬಹುಪಾಲು ಆ ಪುಟ್ಟ ಬಫರಿನಲ್ಲೇ ಇತ್ತು. ಉಳಿದ ಪಾಲು ಗಟ್ಟಿತನದ್ದು: ನನ್ನ ಪ್ರೀಆಂಪ್ ನಡುಗುರುತಿನಲ್ಲೂ ಸಿಗ್ನಲ್ಲನ್ನು ಎರಡು ಡೆಸಿಬಲ್‌ನಷ್ಟು ಏರಿಸುತ್ತಿತ್ತು. ಅಷ್ಟು ಗಟ್ಟಿಯಾದರೆ ಸಾಕು, ಕಿವಿ ಅದನ್ನು 'ಗಟ್ಟಿ' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತದೆ.

ಅಲ್ಲಿಂದ ಮುಂದೆ ಹೋಲಿಕೆಗೆ ಕಟ್ಟುನಿಟ್ಟು ಮಾಡಿಕೊಂಡೆ. ಪ್ರತಿ ಸಲವೂ ಹೊಸ ತಂತಿ ಹಾಕಿ, ಎರಡು ದಿನ ನುಡಿಸಿ ಅದರ ಹೊಸ ಹೊಳಪು ತಗ್ಗಿದ ಮೇಲೆಯೇ ರೆಕಾರ್ಡ್ ಮಾಡುತ್ತಿದ್ದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಅದರ ಅಡಿಗೂ ಪಿಕಪ್ಪಿಗೂ ನಡುವಿನ ಅಂತರವನ್ನು ದಪ್ಪ ತಂತಿಯ ಕಡೆ ಮೂರು ಮಿಲಿಮೀಟರಿಗೆ, ಸಣ್ಣ ತಂತಿಯ ಕಡೆ ಎರಡೂವರೆಗೆ ಹೊಂದಿಸುತ್ತಿದ್ದೆ. ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸವನ್ನು ಪಿಕಪ್ಪಿನ ಗುಣವೆಂದು ತಿಳಿದು ಮೋಸಹೋಗುವುದು ತೀರಾ ಸುಲಭ. ಎಂಟು ಆವರ್ತಗಳ ಒಂದೇ ಸಾಲನ್ನು ಬೆರಳಿನಲ್ಲಿ ಒಮ್ಮೆ, ಸ್ಲ್ಯಾಪ್‌ನಲ್ಲಿ (ಹೆಬ್ಬೆರಳಿನಿಂದ ತಂತಿಗೆ ಹೊಡೆದು) ಒಮ್ಮೆ ನುಡಿಸಿ, ಎಲ್ಲ ಧ್ವನಿಮುದ್ರಣಗಳ ಗಟ್ಟಿತನವನ್ನು ಸಮ ಮಾಡಿ, ಗೆಳೆಯರೊಬ್ಬರಿಂದ ಫೈಲುಗಳ ಹೆಸರು ಬದಲಾಯಿಸಿಕೊಂಡು ಕೇಳುತ್ತಿದ್ದೆ. ನನ್ನ ಕೈಯ ಏರಿಳಿತ ಪ್ರತಿ ಸಲವೂ ಒಂದೇ ಇರಲಾರದು ಎಂಬ ಕಾರಣಕ್ಕೆ ಪ್ರತಿಯೊಂದನ್ನೂ ಐದು ಸಲ ನುಡಿಸಿದೆ, ಐದರಲ್ಲೂ ಕಾಣಿಸಿದ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ.

ಎರಡು ಬೇರೆ ಬೇರೆ ಗಿಟಾರುಗಳನ್ನು ಪಕ್ಕಪಕ್ಕ ಇಟ್ಟು ಪಿಕಪ್ ಹೋಲಿಸುವುದರಲ್ಲಿ ಅರ್ಥವಿಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಪಿಕಪ್ ಕೂತಿರುವ ಜಾಗ. 34 ಇಂಚಿನ ಅಳತೆಯಲ್ಲಿ ಬಿಡಿ ತಂತಿಯ ಉದ್ದ ಸುಮಾರು 864 ಮಿಲಿಮೀಟರ್. ಅದರ ಎಂಟನೆಯ ಒಂದು ಭಾಗದಲ್ಲಿ, ಅಂದರೆ ಬ್ರಿಡ್ಜ್‌ನಿಂದ (ತಂತಿ ಕೆಳತುದಿಯಲ್ಲಿ ಕೂರುವ ಆಧಾರದಿಂದ) 108 ಮಿಲಿಮೀಟರ್ ದೂರದಲ್ಲಿ ಪಿಕಪ್ಪಿನ ನಡುಗೆರೆ ಬಿದ್ದರೆ ಎಂಟನೆಯ ಹಾರ್ಮೋನಿಕ್ (ಮೂಲ ಕಂಪನದ ಎಂಟು ಪಟ್ಟು ಕಂಪಿಸುವ ಉಪಸ್ವರ) ಅಲ್ಲಿ ಕಂಪಿಸುವುದೇ ಇಲ್ಲ, ಎಷ್ಟು ಒಳ್ಳೆಯ ಪಿಕಪ್ ಆದರೂ ಇಲ್ಲದ್ದನ್ನು ಹಿಡಿಯಲಾರದು. ಫೆಂಡರ್ ಜಾಝ್ ಬೇಸ್ 1960ರಲ್ಲಿ ಬಂತು. 70ರ ದಶಕದಲ್ಲಿ ಅದರ ಹಿಂದಿನ ಪಿಕಪ್ಪನ್ನು ಬ್ರಿಡ್ಜ್ ಕಡೆಗೆ ಸುಮಾರು 10 ಮಿಲಿಮೀಟರ್ ಸರಿಸಲಾಯಿತು. ಆ ಒಂದು ಸೆಂಟಿಮೀಟರಿನಿಂದ ಎರಡೂ ಪಿಕಪ್ ಒಟ್ಟಿಗೆ ನುಡಿದಾಗಿನ ಧ್ವನಿ ಬಿಗಿಯಾಗಿ, ಚೂಪಾಗಿ ಬದಲಾಯಿತು; ಹಾಗಾಗಿ ಇಂದಿಗೂ ಬೇಸ್ ನುಡಿಸುವವರು '60ರದ್ದೋ 70ರದ್ದೋ' ಎಂದು ವಿಚಾರಿಸಿಯೇ ಗಿಟಾರ್ ಮಾಡಿಸುತ್ತಾರೆ. ನನ್ನ ಹೋಲಿಕೆಯಲ್ಲೂ ಮುಂದಿನ ಪಿಕಪ್ಪಿಗೂ ಹಿಂದಿನ ಪಿಕಪ್ಪಿಗೂ ಇದ್ದಷ್ಟು ವ್ಯತ್ಯಾಸ ಯಾವ ಎರಡು ಪಿಕಪ್ ಜೋಡಿಗಳ ನಡುವೆಯೂ ಕಾಣಲಿಲ್ಲ.

ಆದ್ದರಿಂದ ಒಂದೇ ಗಿಟಾರಿನ ಒಂದೇ ಗೂಡಿನಲ್ಲಿ ಕೂರುವ ಮೂರು ಜೋಡಿಗಳನ್ನು ಆರಿಸಿಕೊಂಡೆ: ಆಲ್ನಿಕೊ ಅಯಸ್ಕಾಂತದ ಸಿಂಗಲ್ ಕಾಯಿಲ್, ಅದೇ ಕವಚದೊಳಗೆ ಕಾಯಿಲ್ಲನ್ನು ಎರಡಾಗಿ ಒಡೆದು ಹಮ್ (ವಿದ್ಯುತ್ ಲೈನಿನಿಂದ ಬರುವ ಗುಂಯ್ ಸದ್ದು) ರದ್ದಾಗುವಂತೆ ಮಾಡಿದ ಸ್ಪ್ಲಿಟ್ ಕಾಯಿಲ್, ಮತ್ತು ಒಳಗೇ ಸಣ್ಣ ಪ್ರೀಆಂಪ್ ಹುದುಗಿದ ಲೋ-ಇಂಪೀಡನ್ಸ್ (ಕಡಿಮೆ ವಿದ್ಯುತ್ ತಡೆಯ) ಆಕ್ಟಿವ್ ಪಿಕಪ್. ಸಿಂಗಲ್ ಕಾಯಿಲ್‌ನಲ್ಲಿ ಸ್ವರದ ಮೊದಲ ಕ್ಷಣ ಅತ್ಯಂತ ಜೀವಂತವಾಗಿತ್ತು, ಹೆಸರು ತಿಳಿಯದೆ ಕೇಳಿದಾಗಲೂ ಐದರಲ್ಲಿ ನಾಲ್ಕು ಸಲ ಅದನ್ನು ಗುರುತಿಸಿದೆ. ಎರಡೂ ಪಿಕಪ್‌ಗಳು ಸಮವಾಗಿ ತೆರೆದಿದ್ದಾಗ ಒಂದರ ಹಮ್ಮನ್ನು ಇನ್ನೊಂದು ಅಳಿಸುತ್ತದೆ, ಆದರೆ ಎರಡು ಪಿಕಪ್ಪಿನ ಧ್ವನಿ ಬೆರೆಸುವ ಬ್ಲೆಂಡ್ ನಾಬನ್ನು ಒಂದಿಷ್ಟು ಒಂದು ಪಕ್ಕಕ್ಕೆ ತಿರುಗಿಸಿದರೂ ಹಮ್ ಮರಳುತ್ತದೆ. ಹಿಂದಿನ ಪಿಕಪ್ಪನ್ನು ಒಂಟಿಯಾಗಿ ಬಳಸುವ ನನ್ನಂಥವರಿಗೆ ಇದು ಸಣ್ಣ ತೊಂದರೆಯಲ್ಲ. ಸ್ಪ್ಲಿಟ್ ಕಾಯಿಲ್ ಆ ತೊಂದರೆಯನ್ನು ಪೂರ್ತಿ ನೀಗಿಸಿತು, ಅದಕ್ಕೆ ತೆತ್ತದ್ದು ತಾರದ ತುದಿಯ ಸ್ವಲ್ಪ ಗಾಳಿಯಾಡುವ ಗುಣವನ್ನು ಮಾತ್ರ. ಆಕ್ಟಿವ್ ಪಿಕಪ್‌ನಲ್ಲಿ ಐದೂ ತಂತಿಗಳು ಅಚ್ಚುಕಟ್ಟಾಗಿ ಒಂದೇ ತೂಕದಲ್ಲಿ ಬಂದವು. ರೆಕಾರ್ಡಿಂಗಿಗೆ ಅದರಷ್ಟು ಹಿತವಾದದ್ದಿಲ್ಲ, ಆದರೆ ಮೆಲ್ಲಗೆ ನುಡಿಸಿದ್ದಕ್ಕೂ ಒತ್ತಿ ನುಡಿಸಿದ್ದಕ್ಕೂ ಧ್ವನಿಯ ಬಣ್ಣದಲ್ಲಿ ನಾನು ನಿರೀಕ್ಷಿಸಿದಷ್ಟು ಬದಲಾವಣೆ ಸಿಗಲಿಲ್ಲ.

ಆಕ್ಟಿವ್ ಪಿಕಪ್ ಕೂರಿಸಿದಾಗ ಒಂದು ತಪ್ಪು ಮಾಡಿದೆ. ಗಿಟಾರಿನಲ್ಲಿ ನಾಬ್ ಕೆಳಗಿದ್ದ 250 ಕಿಲೋಓಮ್ ಬದಲಿಸಬಲ್ಲ ರೆಸಿಸ್ಟರುಗಳಾದ ಪಾಟ್‌ಗಳನ್ನೇ ಉಳಿಸಿಕೊಂಡೆ. ವಾಲ್ಯೂಮ್ ನಾಬ್ ನಿಧಾನವಾಗಿ ಏರಿಳಿಯುವ ಬದಲು ಕೊನೆಯ ತುಸು ತಿರುವಿನಲ್ಲಿ ಸ್ವಿಚ್ಚಿನಂತೆ ವರ್ತಿಸಿತು. ಅಂಥ ಪಿಕಪ್‌ಗಳಿಗೆ 25 ಕಿಲೋಓಮ್ ಪಾಟ್ ಬೇಕು, ಬದಲಿಸಿದ ಮೇಲೆ ಎಲ್ಲವೂ ಸರಿಹೋಯಿತು.

ಬೇರೆ ಬೇರೆ ಜೋಡಿಯ ಪಿಕಪ್‌ಗಳನ್ನು ಬೆರೆಸುವವರು ಬೆಸುಗೆ ಹಾಕುವ ಮೊದಲು ಫೇಸ್, ಅಂದರೆ ಎರಡರ ಸಿಗ್ನಲ್ಲೂ ಒಂದೇ ದಿಕ್ಕಿನಲ್ಲಿ ಏರಿಳಿಯುತ್ತವೆಯೇ ಎಂಬುದನ್ನು, ಪರೀಕ್ಷಿಸಬೇಕು. ನಾನು ಮುಳ್ಳಿನ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಪ್ಯಾಸಿವ್ ಪಿಕಪ್ಪಿನಿಂದ ಹೊರಬರುವ ಎರಡು ವೈರುಗಳಿಗೆ ಹಿಡಿಸಿ, ಅತಿ ಕಡಿಮೆ ವೋಲ್ಟಿನ ಅಳತೆಯಲ್ಲಿಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಪಿಕಪ್ಪಿನ ಕಂಬಕ್ಕೆ ತಾಗಿಸಿ ಥಟ್ಟನೆ ಮೇಲಕ್ಕೆಳೆಯುತ್ತೇನೆ. ಕಬ್ಬಿಣ ಬಿಟ್ಟುಬರುವ ಕ್ಷಣದಲ್ಲಿ ಮುಳ್ಳು ಒಮ್ಮೆ ಅದುರಿ ಎಡಕ್ಕೋ ಬಲಕ್ಕೋ ಜಿಗಿಯುತ್ತದೆ. ಎರಡನೆಯ ಪಿಕಪ್ಪಿನಲ್ಲೂ ಅದೇ ದಿಕ್ಕಿಗೆ ಜಿಗಿದರೆ ಎರಡೂ ಒಂದೇ ಫೇಸ್‌ನಲ್ಲಿವೆ. ಇಲ್ಲವಾದರೆ ಒಂದರ ವೈರುಗಳನ್ನು ಅದಲುಬದಲು ಮಾಡಬೇಕು. ಇದನ್ನು ಮಾಡದೆ ಜೋಡಿಸಿದರೆ ಎರಡೂ ಪಿಕಪ್ ತೆರೆದಾಗ ಮಂದ್ರವೆಲ್ಲ ಮಾಯವಾಗಿ ಡಬ್ಬಿಯೊಳಗಿನಿಂದ ಬಂದಂಥ ಧ್ವನಿ ಉಳಿಯುತ್ತದೆ.

ಪ್ರೀಆಂಪ್‌ಗಳ ವಿಷಯಕ್ಕೆ ಬಂದರೆ, ಎಷ್ಟು ಬ್ಯಾಂಡ್ (ಪ್ರತ್ಯೇಕವಾಗಿ ಏರಿಳಿಸಬಲ್ಲ ಧ್ವನಿಯ ಭಾಗ) ಎಂಬ ಪ್ರಶ್ನೆಗಿಂತ ಯಾವ ಕಂಪನಾಂಕದಲ್ಲಿ ಎಂಬುದೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ. ಸ್ಯಾಡೌಸ್ಕಿ ಕಂಪನಿಯ ಪ್ರಸಿದ್ಧ ಪ್ರೀಆಂಪ್ ಬೇಸ್ ಮತ್ತು ಟ್ರೆಬಲನ್ನು ಏರಿಸುತ್ತದೆ, ಇಳಿಸುವುದಿಲ್ಲ. ಅಗ್ಯುಲಾರ್‌ನ ಓಬಿಪಿ-3 ಪ್ರೀಆಂಪ್ ಮಿಡ್ ಅನ್ನು 400 ಅಥವಾ 800 ಹರ್ಟ್ಸ್‌ನಲ್ಲಿ ಏರಿಸಲೂ ಇಳಿಸಲೂ ಬಿಡುತ್ತದೆ. ವಾದ್ಯವೃಂದದ ನಡುವೆ ಸ್ವರ ಕೇಳಿಸದಿದ್ದಾಗ ಕೈ ತಾನಾಗಿ ಬೇಸ್ ನಾಬಿಗೆ ಹೋಗುತ್ತದೆ, ಆದರೆ ಕೆಲಸ ಆಗುವುದು 400ರಿಂದ 800ರ ಮಿಡ್‌ನಲ್ಲಿ. ಕೆಳಗಿನ ಬಿ ತಂತಿಯ ಮೂಲ ಕಂಪನ 30.87 ಹರ್ಟ್ಸ್, ಹೆಚ್ಚಿನ ಸ್ಪೀಕರುಗಳು ಅದನ್ನು ಸರಿಯಾಗಿ ಹೊರಡಿಸುವುದೇ ಇಲ್ಲ, ನಾವು ಕೇಳುವುದು ಅದರ ಮೇಲಿನ ಹಾರ್ಮೋನಿಕ್‌ಗಳನ್ನು. 40 ಹರ್ಟ್ಸ್ ಸುತ್ತ ಏರಿಸುತ್ತ ಹೋದರೆ ಒಂಬತ್ತು ವೋಲ್ಟಿನ ಬ್ಯಾಟರಿಯ ಮಿತಿಯೊಳಗೆ ಸಿಗ್ನಲ್ ಹಿಡಿಸದೆ ಸ್ಲ್ಯಾಪ್ ಹೊಡೆತದಲ್ಲಿ ತಲೆ ಕತ್ತರಿಸಿ ಹೋಗುತ್ತದೆ. ಎರಡು ಬ್ಯಾಟರಿ ಸೇರಿಸಿ 18 ವೋಲ್ಟ್ ಕೊಟ್ಟಾಗ ಆ ಕತ್ತರಿಕೆ ನಿಂತಿತು. ಮೆಲ್ಲನೆ ನುಡಿಸಿದ ಸಾಲುಗಳಲ್ಲಿ ಮಾತ್ರ 9ಕ್ಕೂ 18ಕ್ಕೂ ನನ್ನ ಕಿವಿಗೆ ಯಾವ ಭೇದವೂ ಸಿಗಲಿಲ್ಲ.

ಇವೆಲ್ಲಕ್ಕಿಂತ ಬೇರೆಯಾದ ಒಂದು ದಾರಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿದೆ. 70ರ ದಶಕದ ಆರಂಭದಲ್ಲಿಯೇ ಅಲೆಂಬಿಕ್ ಕಂಪನಿ ಲೋ-ಇಂಪೀಡನ್ಸ್ ಪಿಕಪ್‌ಗಳನ್ನು ಗಿಟಾರಿನೊಳಗಿನ ಎಲೆಕ್ಟ್ರಾನಿಕ್ಸ್‌ಗೆ ಜೋಡಿಸಿ, ಏರಿಸುವ ಇಳಿಸುವ ನಾಬ್‌ಗಳ ಬದಲು ಒಂದು ಮಿತಿಯ ಮೇಲಿನ ಕಂಪನಗಳನ್ನು ತಗ್ಗಿಸುವ ಲೋ-ಪಾಸ್ ಫಿಲ್ಟರ್ ಇಟ್ಟಿತು. ಇಂಗ್ಲೆಂಡಿನ ವಾಲ್ ಗಿಟಾರುಗಳು ಪ್ರತಿ ತಂತಿಗೂ ಪ್ರತ್ಯೇಕ ಕಾಯಿಲ್‌ಗಳನ್ನಿಟ್ಟು, ಪ್ರತಿ ಪಿಕಪ್ಪಿಗೂ ತನ್ನದೇ ಫಿಲ್ಟರ್ ಕೊಟ್ಟವು. ಪರಿಚಿತರೊಬ್ಬರ ಇಂಥ ಗಿಟಾರನ್ನು ಒಂದು ಮಧ್ಯಾಹ್ನವಿಡೀ ನುಡಿಸಿದೆ. ಫಿಲ್ಟರಿನ ನಾಬನ್ನು ತಿರುಗಿಸುತ್ತ ಹೋದಂತೆ ಧ್ವನಿಯ ಮೇಲಿನ ಅಂಚು ಕೆಳಗಿಳಿಯುತ್ತದೆ, ಅಂಚಿನ ಬಳಿ ಒಂದು ಉಬ್ಬು ಅದರ ಜೊತೆಗೇ ಚಲಿಸುತ್ತದೆ. ಸ್ವರ ಬಾಯಿ ತೆರೆದು ಮುಚ್ಚಿದಂತೆ ಕೇಳಿಸುತ್ತದೆ. ನನಗೆ ಆಗ ಹೊಳೆದದ್ದೇನೆಂದರೆ, ಕೇಬಲ್ಲಿನ ಹೊರೆ ಪ್ಯಾಸಿವ್ ಪಿಕಪ್ಪಿಗೆ ಅರಿವಿಲ್ಲದೆ ಮಾಡುವ ಕೆಲಸವೂ ಇದೇ: ಒಂದು ಅಂಚು, ಅಂಚಿನಲ್ಲೊಂದು ಉಬ್ಬು. ಆಕಸ್ಮಿಕವಾಗಿ ಒಂದೇ ಜಾಗದಲ್ಲಿ ನಿಂತುಬಿಡುವ ಆ ಬಿಂದುವನ್ನು ಇಲ್ಲಿ ನುಡಿಸುವವರ ಬೆರಳಿಗೆ ಒಪ್ಪಿಸಲಾಗಿದೆ. ಬೇಸ್ ಗಿಟಾರಿಗೆ ಇದಕ್ಕಿಂತ ಸಹಜವಾದ ಟೋನ್ ನಿಯಂತ್ರಣ ನಾನು ಕಂಡಿಲ್ಲ.

ಈಗ ನನ್ನ ಗಿಟಾರಿನಲ್ಲಿ ಸ್ಪ್ಲಿಟ್ ಕಾಯಿಲ್ ಜೋಡಿ ಉಳಿದಿದೆ. ಬ್ಲೆಂಡ್ ಪಾಟಿಗಿಂತ ಮೊದಲೇ ಪ್ರತಿ ಪಿಕಪ್ಪಿಗೂ ಒಂದೊಂದು ಬಫರ್ ಇಟ್ಟಿದ್ದೇನೆ, ಇದರಿಂದ ಒಂದನ್ನು ತಗ್ಗಿಸಿದಾಗ ಇನ್ನೊಂದರ ತಾರ ಮಂಕಾಗುವುದು ತಪ್ಪಿದೆ. ಹಿಂದಿನ ಪಿಕಪ್ಪಿನ ಬಫರಿಗೆ ಸಿಗ್ನಲ್ ಒಳಬರುವ ಬದಿಯಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಅದನ್ನು ಒತ್ತಿದರೆ 470 ಪೈಕೋಫ್ಯಾರಡ್‌ನ ಕೆಪಾಸಿಟರ್ ಪಿಕಪ್ಪಿಗೆ ಅಡ್ಡವಾಗಿ ಸೇರಿಕೊಂಡು ನನ್ನ ಹಳೆಯ ಉದ್ದ ಕೇಬಲ್ಲಿನ ಧ್ವನಿ ಮರಳಿ ಬರುತ್ತದೆ. ಅದಾದ ಮೇಲೆ ಎರಡು ಬ್ಯಾಂಡಿನ ಸರಳ ಪ್ರೀಆಂಪ್. ಒಮ್ಮೆ ಕಾರ್ಯಕ್ರಮದ ನಡುವೆ ಬ್ಯಾಟರಿ ಸೋತು ಸ್ವರಗಳು ಒಡೆಯತೊಡಗಿದ ಮೇಲೆ ಬ್ಯಾಟರಿ ಬದಲಿಸಿದ ದಿನಾಂಕವನ್ನು ಹಿಂಬದಿಯ ಮುಚ್ಚಳದ ಒಳಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಬರೆದಿಡುತ್ತೇನೆ, ಮತ್ತು ನುಡಿಸದಿದ್ದಾಗ ಕೇಬಲ್ಲನ್ನು ಜ್ಯಾಕಿನಿಂದ ಕಿತ್ತಿಡುತ್ತೇನೆ. ಜ್ಯಾಕಿನಲ್ಲಿ ಪ್ಲಗ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.